ಹಿತ್ತಲಿನ ಕಳೆ ಸುಡುವ ಗ್ಯಾಸ್ ಟಾರ್ಚ್ ಮಹಾಶಯರಿಗೆ

ಮಾನ್ಯರೇ,

ಹಿಂದೆ ಪ್ರೊಪೇನ್ ಸಿಲಿಂಡರು, ಮುಂದೆ ನೀಲಿ ಜ್ವಾಲೆ, ನಡುವೆ ಮಾರುದ್ದದ ಕೊಳವೆ, ಇಷ್ಟೆಲ್ಲ ವೈಭವದೊಂದಿಗೆ ನಮ್ಮ ಮನೆಗೆ ದಯಮಾಡಿಸಿದ ತಮಗೆ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದದ್ದು ಬರೀ ಮಾತಿಗೆ. ತಮ್ಮೆದುರು ನಿಜಕ್ಕೂ ಅಡ್ಡಬಿದ್ದರೆ ತಲೆಗೂದಲು ಉಳಿದೀತೆಂಬ ಭರವಸೆ ನನಗಿಲ್ಲ.

ತಮ್ಮ ಪರಾಕ್ರಮವನ್ನು ಹೊಗಳದಿದ್ದರೆ ನನ್ನ ಬಾಯಲ್ಲಿ ಹುಳ ಬಿದ್ದೀತು. ಕಲ್ಲುಹಾಸಿನ ಸಂದಿಯ ಹುಲ್ಲಿನ ಮೇಲೆ ತಮ್ಮನ್ನು ಒಮ್ಮೆ ಆಡಿಸಿ, ಎಲೆ ಬಾಡಿದೊಡನೆ ಮುಂದೆ ಸಾಗಿದರೆ ಸಾಕಂತೆ. ಆದರೆ ನಮ್ಮ ಯಜಮಾನರು ಬಸ್ ಡಿಪೋದಲ್ಲಿ ಜೀವಮಾನವಿಡೀ ವೆಲ್ಡಿಂಗ್ ಮಾಡಿ ನಿವೃತ್ತರಾದವರು. ಏನೇ ಆಗಲಿ, ಕೆಂಪಗೆ ಕಾಯದ ಹೊರತು ಕೆಲಸ ಮುಗಿಯಿತೆಂದು ಅವರ ಕೈ ಒಪ್ಪುವುದಿಲ್ಲ. ಹಳೆಯ ವೆಲ್ಡಿಂಗ್ ಮುಖವಾಡ ಹಾಕಿಕೊಂಡು, ಹುಲ್ಲು ಬೂದಿಯಾಗಿ ಕಲ್ಲು ಚಟಾರನೆ ಸಿಡಿದರೂ ಬಿಡದೆ ನಿಂತಿರುತ್ತಾರೆ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎಂದು ಕೇಳಿದ್ದೆ, ತಮ್ಮ ದಯೆಯಿಂದ ಕಣ್ಣಾರೆ ಕಂಡೆ. ಇರುವೆ ಗೂಡಿಗೂ ತಾವೇ, ತುಕ್ಕು ಹಿಡಿದ ಗೇಟಿನ ಚಿಲಕಕ್ಕೂ ತಾವೇ; ಆ ಭರದಲ್ಲಿ ನೀರಿನ ಪೈಪು ಕರಗಿ ಹೋಯಿತು. ಪಕ್ಕದ ಮನೆಯ ಟೈಲರಮ್ಮನಂತೂ ಬೇಲಿಯಾಚೆಯಿಂದಲೇ, “ಅಕ್ಕಾ, ನಿಮ್ಮೋರು ಈ ಕಡೆ ತಿರುಗೋ ಮುಂಚೆ ಒಂದು ಕೂಗು ಹಾಕಿ, ಒಣಹಾಕಿದ ಬಟ್ಟೆ ಎತ್ತಿಟ್ಕೋತೀನಿ” ಎಂದು ವಿನಂತಿಸಿದ್ದಾಳೆ.

ಇದೆಲ್ಲ ಹಾಳಾಗಿ ಹೋಗಲಿ. ನನ್ನ ದೂರು ಬೇರೆಯೇ ಇದೆ. ತಾವು ಬರುವ ಮೊದಲು ನಾವಿಬ್ಬರೂ ಸಂಜೆ ಹೊತ್ತು ಹಿತ್ತಲಲ್ಲಿ ಎರಡು ಮಣೆ ಹಾಕಿಕೊಂಡು ಕಳೆ ಕೀಳುತ್ತಿದ್ದೆವು. ಮನೆಯೊಳಗೆ ಬಾಯಿಗೆ ಬೀಗ ಹಾಕಿಕೊಂಡಂತಿರುವ ಈ ಮನುಷ್ಯ, ಕೈಗೆ ಹುಲ್ಲು ಸಿಕ್ಕಿದರೆ ಮಾತ್ರ ಮಾತಿಗೆ ಕೂರುತ್ತಿದ್ದರು. ಮಗಳನ್ನು ಗಂಡನ ಮನೆಗೆ ಕಳಿಸಿದ ಮಾರನೆಯ ದಿನ ಡಿಪೋದಲ್ಲಿ ರಿಪೇರಿಯ ನೆಪ ಮಾಡಿ ಬಸ್ಸಿನಡಿ ಮಲಗಿ ಅತ್ತದ್ದನ್ನು ಅವರು ನನಗೆ ಹೇಳಿದ್ದು ಹಾಗೆ ಕೂತಾಗಲೇ. ಈಗ ತಾವು ಕಣ್ಣುಮುಚ್ಚಿ ತೆರೆಯುವುದರೊಳಗೆ ಕೆಲಸ ಮುಗಿಸಿಬಿಡುತ್ತೀರಿ, ಅವರು ಒಳಗೆ ಬಂದು ಪೇಪರಿನ ಹಿಂದೆ ಮಾಯವಾಗುತ್ತಾರೆ. ತಾವು ಉರಿಯುವಾಗ ಹತ್ತಿರ ಹೋದರೆ, “ದೂರ ನಿಲ್ಲೇ, ಕಿಡಿ ಹಾರೀತು!” ಹೇಳಲು ನಾಚಿಕೆಯೇನು, ನನಗೆ ತಮ್ಮನ್ನು ಕಂಡರೆ ಹೊಟ್ಟೆಕಿಚ್ಚು. ಅವರ ಮಾತು ಕೇಳದೆ ಸಂಜೆ ಕಳೆದರೆ ಬೇಜಾರಾಗುತ್ತದೆ.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ, ಹೊತ್ತಿಸಿದಾಗ ಬೆಂಕಿಯ ಬದಲು ತಣ್ಣನೆಯ ಗಾಳಿ ಬೀಸಬೇಕಾಗಿ ಪ್ರಾರ್ಥನೆ. ಅದಾಗದಿದ್ದರೆ ಬುಸುಗುಡುವುದನ್ನು ಬಿಟ್ಟು, “ಹೂಂ, ಆಮೇಲೇನಾಯ್ತು?” ಎಂದು ಅವರನ್ನು ಕೇಳುವುದನ್ನಾದರೂ ಕಲಿತು, ಉತ್ತರವನ್ನು ನನಗೆ ತಲುಪಿಸಬೇಕು.

ಇಂತಿ ತಮ್ಮ ವಿಶ್ವಾಸಿ,
ತಮಗಿಂತ ಬಹಳ ಮೊದಲೇ ಈ ಮನೆಗೆ ಬಂದವಳು

ತಾ.ಕ.: ಕಳೆ ಯಾವುದು, ಕೊತ್ತಂಬರಿ ಯಾವುದು ಎಂದು ಗುರುತಿಸುವಷ್ಟು ವಿದ್ಯೆ ತಮಗಿಲ್ಲವೆಂದು ತಡವಾಗಿ ಹೊಳೆಯಿತು. ಕೂಡಲೇ ರಸ್ತೆಬದಿಯ ಕಳೆಯ ಬೀಜ ಆರಿಸಿ ತಂದು ನನ್ನ ಕೊತ್ತಂಬರಿ ಪಾತಿಯ ತುಂಬ ಎರಚಿದೆ. ದೇವರು ದೊಡ್ಡವನು, ಸೊಂಪಾಗಿ ಮೊಳೆತಿದೆ. ಯಜಮಾನರು ನಿನ್ನೆ ಅದನ್ನು ನೋಡಿ, ತಲೆ ಕೆರೆದುಕೊಂಡು, ತಮ್ಮನ್ನು ಗೋಡೆಗೆ ಒರಗಿಸಿ ಕರೆದರು: “ಇದನ್ನ ಕೈಯಲ್ಲೇ ಕೀಳ್ಬೇಕು ಕಣೇ. ಬಾ, ಕೂತ್ಕೋ.”