ರುಚಿ ನೋಡುವುದು ಊಟವಲ್ಲ

ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು. ಶಾಲೆಯನ್ನು ನಡುವೆಯೇ ಬಿಟ್ಟವಳಾದ್ದರಿಂದ ಮಾತುಗಳೂ ಅಷ್ಟಕ್ಕಷ್ಟೇ. ಒಂದೊಂದು ಸಾಲನ್ನೂ ತಿದ್ದಿ ತಿದ್ದಿ ಬರೆದಿದ್ದೇನೆ. ಆದರೂ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಹೊಟ್ಟೆಗೆ ಹಾಕಿಕೊಳ್ಳಲು ರುಚಿಯಾದದ್ದು ನಮ್ಮ ಮನೆಯಲ್ಲಂತೂ ಬೇರೇನೂ ಉಳಿದಿಲ್ಲ.

ನಮ್ಮ ಅಪ್ಪ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹಿರಿಯ ಅಡುಗೆಯವರು. ಕಾಲು ಊದಿಕೊಂಡಿತೆಂದು ಆಸ್ಪತ್ರೆಗೆ ಹೋದರೆ, ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿ, ಎರಡೂ ಮೂತ್ರಪಿಂಡಗಳು ಅರ್ಧಕ್ಕಿಂತ ಹೆಚ್ಚು ಸೋತಿವೆ, ಹೋದದ್ದು ಹಿಂದಕ್ಕೆ ಬಾರದು, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದರು. ಉಪ್ಪು ಕಡಿಮೆ ಮಾಡಬೇಕು, ಸಿಗರೇಟು ಬಿಡಬೇಕು, ದಿನಾ ನಡೆಯಬೇಕು, ರಕ್ತದೊತ್ತಡ ಹಿಡಿತದಲ್ಲಿರಬೇಕು. ಇಲ್ಲವಾದರೆ ರಕ್ತ ತೊಳೆಯುವ ಯಂತ್ರದ ಪಕ್ಕ ಮಲಗುವ ದಿನ ದೂರವಿಲ್ಲ. ಆ ಯಂತ್ರವನ್ನು ಅಪ್ಪ ಬಾಗಿಲ ಸಂದಿಯಿಂದ ನೋಡಿಬಂದರು. ಮನೆಗೆ ಬಂದವರೇ ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ನಡುವೆ ನಿಂತು ಘೋಷಿಸಿದರು.

"ಸಾವಿರ ಜನರ ನಾಲಿಗೆ ಆಳಿದವನು ನಾನು. ನನ್ನದೊಂದು ನಾಲಿಗೆ ಆಳೋಕಾಗಲ್ವಾ? ಇವತ್ತಿಂದ ಈ ಮನೆಗೆ ಉಪ್ಪು ಕಾಲಿಡಕೂಡದು!"

ಡಾಕ್ಟರು ಕಡಿಮೆ ಮಾಡಿ ಎಂದಿದ್ದರು; ಅಪ್ಪ ಗಡೀಪಾರು ಮಾಡಿದರು. ಹಟದಲ್ಲಿ ಅಮ್ಮನೇನೂ ಕಡಿಮೆಯಿಲ್ಲ. ಗಂಡ ಸಪ್ಪೆ ಉಣ್ಣುವಾಗ ಎದುರಿಗೆ ಕೂತು ಉಳಿದವರು ಚಪ್ಪರಿಸುವುದು ಬೇಡವೆಂದು ಉಪ್ಪಿನ ಜಾಡಿಯನ್ನೇ ಕೆಳಗಿನ ಮನೆಯ ಟೈಲರ್ ಅಕ್ಕನಿಗೆ ಕೊಟ್ಟುಬಂದಳು. ಅಂದಿನಿಂದ ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ ಮತ್ತು ನಾನು, ನಾಲ್ವರಿಗೂ ಒಂದೇ ಪಾತ್ರೆ, ಒಂದೇ ಸಪ್ಪೆ. ಬೇಳೆ ಬಾಯಿಗಿಟ್ಟರೆ ಒದ್ದೆ ಗೋಡೆ ನೆಕ್ಕಿದಂತೆ. ನಾನು ತಟ್ಟೆಯ ಮುಂದೆ ಮುಖ ಕಿವುಚಿದರೆ ಅಮ್ಮ ಅಜ್ಜಿಯ ಕಡೆ ಕೈ ತೋರಿಸುತ್ತಿದ್ದಳು: ಆ ವಯಸ್ಸಿನಲ್ಲೂ ತುಟಿಪಿಟಕ್ಕೆನ್ನದೆ ಉಣ್ಣುತ್ತಾರೆ, ನೋಡಿ ಕಲಿ. ಅಜ್ಜಿ ತಲೆ ತಗ್ಗಿಸಿ ಉಂಡು, ತನ್ನ ಮೂಲೆ ಸೇರುತ್ತಿದ್ದಳು.

ಅಪ್ಪ ಸಿಗರೇಟು ಬಿಟ್ಟರು. ಬೆಳಗಾಗುತ್ತಲೇ ಬೀದಿಯ ನಾಯಿಗಳೆಲ್ಲ ಬೇಸತ್ತು ಬೊಗಳುವುದನ್ನು ಬಿಡುವಷ್ಟು ನಡೆದರು. ಇಷ್ಟೆಲ್ಲ ತಪಸ್ಸು ಮಾಡಿ ಮುಂದಿನ ತಪಾಸಣೆಗೆ ಎದೆ ಸೆಟೆಸಿಕೊಂಡು ಹೋದರೆ, ರಕ್ತದೊತ್ತಡ ಇದ್ದಲ್ಲೇ ಇತ್ತು. ರಕ್ತಪರೀಕ್ಷೆ ಇನ್ನಷ್ಟು ಕೆಟ್ಟಿತ್ತು.

ಮನೆಯಲ್ಲಿ ಒಂದು ಹರಳು ಉಪ್ಪೂ ಇಲ್ಲವೆಂದು ಅಮ್ಮ ಆಣೆ ಇಟ್ಟಳು. ಡಾಕ್ಟರು, ಕೆಲಸದಲ್ಲಿ ಅಡುಗೆಯ ರುಚಿ ನೋಡುತ್ತೀರಾ ಎಂದು ಕೇಳಿದರು. ಅಪ್ಪನಿಗೆ ಅವಮಾನವಾಯಿತು. ನೋಡದೆ ಬಡಿಸುವವನು ಅಡುಗೆಯವನೇ? ಹೇಗೆ ನೋಡುತ್ತೇನೆಂದು ಅಭಿನಯಿಸಿಯೇ ತೋರಿಸಿದರು: ಸೌಟಿನಿಂದ ಅಂಗೈ ತುಂಬ ಸುರಿದುಕೊಂಡು ಸೊರ್ರನೆ ಹೀರುವುದು. ಪ್ರತಿ ಹಂಡೆಗೂ ಬೇಯುವಾಗ ಒಂದು ಸಲ, ಇಳಿಸುವಾಗ ಒಂದು ಸಲ, ಸಂಶಯ ಬಂದರೆ ಮತ್ತೊಂದು ಸಲ. ದಿನಕ್ಕೆಷ್ಟು ಎಂದು ಎಣಿಸಹೊರಟರೆ ಎರಡು ಕೈಯ ಬೆರಳೂ ಮುಗಿದವು.

"ಅದು ಊಟ ಅಲ್ಲ ಡಾಕ್ಟ್ರೇ. ರುಚಿ ನೋಡೋದು."

"ಅದನ್ನ ನಿಮ್ಮ ಮೂತ್ರಪಿಂಡಕ್ಕೆ ಯಾರು ಹೇಳ್ತಾರೆ?"

ಇನ್ನು ಮೇಲೆ ಬೇರೆಯವರು ರುಚಿ ನೋಡಲಿ, ನೀವೇ ನೋಡಬೇಕಾಗಿ ಬಂದರೆ ಒಂದು ಹನಿ ನಾಲಿಗೆಗೆ ಮುಟ್ಟಿಸಿ ಉಗುಳಿಬಿಡಿ ಎಂದರು ಡಾಕ್ಟರು. ಬೇರೆಯವರು ಯಾರು? ಅಪ್ಪನ ಕೈಕೆಳಗಿನ ಇಬ್ಬರೂ ಸದಾ ತಂಬಾಕು ಜಗಿಯುವವರು. ಅವರ ನಾಲಿಗೆಗೆ ಬೇಳೆಯೂ ಒಂದೇ, ಪಾತ್ರೆ ತೊಳೆದ ನೀರೂ ಒಂದೇ. ಅಪ್ಪ ಉಗುಳುವುದೆಂದು ತೀರ್ಮಾನಿಸಿದರು.

ಮರುದಿನ ಮಧ್ಯಾಹ್ನ ಬಡಿಸುವ ಕಿಟಕಿಯ ಮುಂದೆ ಉದ್ದ ಸಾಲು. ಅಪ್ಪ ಹಳೆಯ ಅಭ್ಯಾಸದಂತೆ ಅಂಗೈ ತುಂಬ ಹೀರಿದರು, ಕಣ್ಣು ಮುಚ್ಚಿ ಬಾಯೊಳಗೆಲ್ಲ ಆಡಿಸಿದರು, ಆಮೇಲೆ ಡಾಕ್ಟರ ಮಾತು ನೆನಪಾಗಿ ತೊಟ್ಟಿಗೆ ಥೂ ಎಂದು ಉಗುಳಿದರು. ಸಾಲಿನಲ್ಲಿ ಮೊದಲು ನಿಂತಿದ್ದ ವೆಲ್ಡರ್ ಚಾಚಿದ್ದ ತಟ್ಟೆಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ. ಅಡುಗೆಯವನೇ ಉಗುಳಿದ ಎಂದು ಅವನು ಹಿಂದಿನವನಿಗೆ ಹೇಳಿದ್ದು, ಸಾಲಿನ ಬಾಲಕ್ಕೆ ಮುಟ್ಟುವ ಹೊತ್ತಿಗೆ ಹಂಡೆಗೆ ಹಲ್ಲಿ ಬಿದ್ದಿತ್ತು! ಸಾಲಿಗೆ ಸಾಲೇ ಗೇಟಿನ ಹೊರಗೆ ನಡೆಯಿತು. ತುಂಬಿದ ಹಂಡೆಗಳು ತುಂಬಿದಂತೆಯೇ ತಣ್ಣಗಾದವು.

ಮ್ಯಾನೇಜರು ಅಪ್ಪನನ್ನು ಕರೆಸಿ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಮಾಡಿದವನೇ ಉಗುಳೋ ಊಟಾನ ನಾನು ಯಾವ ಮುಖ ಇಟ್ಕೊಂಡು ಬಡಿಸ್ಲಿ?" ಎಂದಷ್ಟೇ ಕೇಳಿದರು.

ಅಪ್ಪ ಉಗುಳುವುದನ್ನು ಬಿಟ್ಟು, ಒಂದೇ ಹನಿಯನ್ನು ನಾಲಿಗೆಗೆ ಮುಟ್ಟಿಸತೊಡಗಿದರು. ಆದರೆ ಮನೆಯಲ್ಲಿ ಸಪ್ಪೆ ಉಂಡು ಉಂಡು, ದಿನವಿಡೀ ಹೀರುವುದೂ ತಪ್ಪಿದ ಮೇಲೆ ಆ ನಾಲಿಗೆ ಋಷಿಯಾಗಿಬಿಟ್ಟಿತ್ತು. ಒಂದು ಹನಿಗೇ ಉಪ್ಪು ಉಪ್ಪು ಎಂದು ಬೊಬ್ಬೆಯಿಡುತ್ತಿತ್ತು. ಅಪ್ಪ ಉಪ್ಪು ಇಳಿಸಿದರು, ಮತ್ತೆ ಇಳಿಸಿದರು. ಕೆಲಸಗಾರರು ಜೇಬಿನಲ್ಲಿ ಉಪ್ಪಿನ ಪೊಟ್ಟಣ ಇಟ್ಟುಕೊಂಡು ಊಟಕ್ಕೆ ಬರತೊಡಗಿದರು. ಅದೇ ತಿಂಗಳು ಅಪ್ಪನ ರಕ್ತದೊತ್ತಡ ಮೊದಲ ಬಾರಿಗೆ ಇಳಿಯಿತು. ಅದೇ ತಿಂಗಳು ಮ್ಯಾನೇಜರು, ಮುಂದಿನ ತಿಂಗಳ ಕೊನೆಯೊಳಗೆ ನಾಲಿಗೆ ನೆಟ್ಟಗಿರುವ ಯಾರನ್ನಾದರೂ ಕರೆದುಕೊಂಡು ಬಾ, ಇಲ್ಲವೇ ಮನೆಯಲ್ಲಿರು ಎಂದರು. ಅಪ್ಪನ ಔಷಧಿ ಬರುವುದೂ ಆ ಕೆಲಸದಿಂದಲೇ.

ಭಾನುವಾರ ಅಪ್ಪ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಕೂತರು.

"ಮೂತ್ರಪಿಂಡ ಉಳಿಸಿದ್ರೆ ಕೆಲಸ ಹೋಗುತ್ತೆ. ಕೆಲಸ ಉಳಿಸಿದ್ರೆ ಮೂತ್ರಪಿಂಡ ಹೋಗುತ್ತೆ. ಯಾವುದನ್ನ ಮೊದಲು ಕಳ್ಕೊಳ್ಳಲಿ, ನೀನೇ ಹೇಳು."

ಅಮ್ಮ ಕೆಳಗೆ ಹೋಗಿ, ತಾನೇ ಕೊಟ್ಟಿದ್ದ ಉಪ್ಪಿನಲ್ಲಿ ಒಂದು ಬಟ್ಟಲು ಸಾಲ ತಂದು ಬೇಳೆ ಬೇಯಿಸಿದಳು. ಮನೆಯ ನಾಲಿಗೆಗಳ ಪರೀಕ್ಷೆ. ಅಮ್ಮ ರುಚಿ ನೋಡಿ ಉಪ್ಪು ಜಾಸ್ತಿ ಎಂದಳು. ನನಗೂ ಜಾಸ್ತಿ ಎನಿಸಿತು. ಅಷ್ಟರಲ್ಲಿ ಬಟ್ಟಲು ವಾಪಸು ಒಯ್ಯಲು ಬಂದ ಟೈಲರ್ ಅಕ್ಕ ಒಂದು ಚಮಚ ಬಾಯಿಗಿಟ್ಟು, ಉಪ್ಪು ಹಾಕುವುದನ್ನೇ ಮರೆತಿರಾ ಎಂದು ಕೇಳಿದಳು. ಗಂಡನ ನಾಲಿಗೆಯ ಜೊತೆಗೆ ಮನೆಯವರೆಲ್ಲರ ನಾಲಿಗೆಯೂ ಹೋಗಿತ್ತು.

ಮೂಲೆಯಿಂದ ಅಜ್ಜಿ ಕೈ ಚಾಚಿದಳು. ಅಂಗೈಗೆ ಸುರಿಸಿಕೊಂಡು, ಅಪ್ಪನಂತೆಯೇ ಸೊರ್ರನೆ ಹೀರಿ, "ಇನ್ನೊಂದು ಚಿಟಿಕೆ" ಎಂದಳು. ಹಾಕಿದೆವು. ಟೈಲರ್ ಅಕ್ಕ ಮತ್ತೆ ನೋಡಿ, ಈಗ ಸರಿಯಾಯಿತು ಎಂದಳು.

ಅಮ್ಮ ನಿಧಾನವಾಗಿ ತಿರುಗಿದಳು. "ಅತ್ತೆ, ನಿಮ್ಮ ನಾಲಿಗೆ ಮಾತ್ರ ಹೇಗೆ ಸರಿಯಾಗಿದೆ?"

ಅಜ್ಜಿ ದಿಂಬಿನ ಕೆಳಗಿನಿಂದ ಹಲ್ಲುಪುಡಿಯ ಡಬ್ಬಿ ತೆಗೆದಳು. ಬಾಯಿಯಲ್ಲಿ ಹಲ್ಲೇ ಇಲ್ಲದ ಅಜ್ಜಿಯ ಹಲ್ಲುಪುಡಿ! ತುಂಬ ಉಪ್ಪಿತ್ತು.

"ನಂದೇನೂ ಊಟ ಅಲ್ಲಮ್ಮಾ," ಎಂದಳು. "ರುಚಿ ನೋಡೋದು."

ಅಪ್ಪ ನಗಲು ಹೋದರು. ನಗು ಅರ್ಧಕ್ಕೇ ನಿಂತಿತು. ನಾಲಿಗೆಯೇನೋ ಸಿಕ್ಕಿತು, ಆದರೆ ಮಂಡಿನೋವಿನ ಅಜ್ಜಿ ಮೆಟ್ಟಿಲು ಇಳಿದು ಎಷ್ಟು ಕಾಲವಾಯಿತೆಂದು ಅವರಿಗೆ ಗೊತ್ತು. ಅಜ್ಜಿ ನನ್ನನ್ನು ನೋಡಿದಳು.

"ಇವಳಾ?" ಅಮ್ಮ ಹೇಳಿದಳು. "ನಾಲ್ಕು ಜನರ ಎದುರು ಬಾಯೇ ಬಿಡಲ್ಲ."

"ಸೌಟು ಹಿಡಿದಾಗ ಬಿಟ್ರೆ ಸಾಕು," ಎಂದಳು ಅಜ್ಜಿ.

ಅಪ್ಪ ಮತ್ತೆ ಗೋಡೆಯ ಕಡೆ ತಿರುಗಿದರು. ಅಜ್ಜಿ ಡಬ್ಬಿಯನ್ನು ನನ್ನ ಕೈಗಿಟ್ಟಳು.

ಇವತ್ತಿನಿಂದ ನಾನು ಅಪ್ಪನಿಗೆ ಕಾಣದಂತೆ ಅಜ್ಜಿಯ ಮೂಲೆಯಲ್ಲಿ ಕೂತು ಉಪ್ಪು ಹಾಕಿಕೊಂಡು ಉಣ್ಣುತ್ತೇನೆ. ನಾಲಿಗೆ ಸರಿಹೋದ ದಿನ ಅಪ್ಪನ ಜೊತೆ ಕ್ಯಾಂಟೀನಿಗೆ ಹೋಗುತ್ತೇನೆ. ಸಾಲಿನವರೆಲ್ಲ ನೋಡುತ್ತಿರುವಾಗ ಕಿಟಕಿಯ ಮುಂದೆ ನಿಂತು ರುಚಿ ನೋಡುತ್ತೇನೆ. ನೋಡಿ ನುಂಗುತ್ತೇನೆ.