ಸಿಡ್ನಿ ಜೇಡದ ಹಿಂದುಮುಂದು

ಅವತ್ತು ಏನೇನು ಆಗಬಹುದಿತ್ತು ಕೇಳಿ. ಜೇಡ ನನ್ನನ್ನು ಕಚ್ಚಬಹುದಿತ್ತು. ನನ್ನನ್ನು ಬಿಟ್ಟು ಪೂಜೆಗೆ ಬಂದವರನ್ನು ಕಚ್ಚಬಹುದಿತ್ತು. ಇಂಗ್ಲೆಂಡಿನ ನಮ್ಮ ಕೆಂಟನ್ನಿನ ಕನ್ನಡಿಗರೆಲ್ಲ ಬರಿಗಾಲಲ್ಲಿ ನಮ್ಮ ಕಾರ್ಪೆಟ್ಟಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂರುವವರಿದ್ದರು. ಅದು ಸೋಫಾದೊಳಗೆ ಸಂಸಾರ ಹೂಡಬಹುದಿತ್ತು. ಕೌನ್ಸಿಲ್ಲಿನವರು ಬಂದು ಬೀದಿಯನ್ನೇ ಮುಚ್ಚಬಹುದಿತ್ತು. ಇಷ್ಟನ್ನೂ ನಾನು ಹಲ್ಲುಜ್ಜುವಷ್ಟರಲ್ಲಿ ಯೋಚಿಸಿ ಮುಗಿಸಿದ್ದೆ. ಚಿಂತೆಯಲ್ಲಿ ನನ್ನದು ಪಳಗಿದ ಕೈ.

ನಡೆದದ್ದಿಷ್ಟು. ನನ್ನ ಹೆಂಡತಿ ಸುಮಾಳ ತಮ್ಮ ರಘು ಹಿಂದಿನ ದಿನ ಸಿಡ್ನಿಯಿಂದ ಬಂದಿದ್ದ. ಸತ್ಯನಾರಾಯಣ ಪೂಜೆಯ ಬೆಳಿಗ್ಗೆ ಅವನ ಸೂಟ್‌ಕೇಸಿನಲ್ಲಿದ್ದ ತೋಟದ ಬೂಟಿನಿಂದ ಉದ್ದಿನವಡೆಯಷ್ಟಗಲದ ಜೇಡವೊಂದು ಇಳಿಯಿತು. ರಘು ಅದನ್ನು ಗಾಜಿನ ಬಾಟಲಿಗೆ ಹಾಕಿ ಅಡುಗೆಮನೆ ಕಟ್ಟೆಯ ಮೇಲಿಟ್ಟ.

"ಪೂಜೆ ಮುಂದಕ್ಕೆ ಹಾಕೋಣ," ಎಂದೆ.

"ಅಷ್ಟು ಜನಕ್ಕೆ ಏನಂತ ಫೋನ್ ಮಾಡ್ಲಿ? ನಮ್ಮನೆಯವರಿಗೆ ಜೇಡ ಬಂದಿದೆ ಅಂತಲಾ?" ಎಂದಳು ಸುಮಾ. ಅವಳು ಜಿಪಿ, ಅಂದರೆ ಬಡಾವಣೆಯ ಡಾಕ್ಟರು; ಹೆದರಿ ಬಂದವರನ್ನು ಬೇಗ ಸಾಗಹಾಕಿ ರೂಢಿ. "ಸುಮ್ನೆ ಸಜ್ಜಿಗೆಗೆ ರವೆ ಹುರೀರಿ. ಸಕ್ಕರೆ ಅಲ್ಲೇ ಇದೆ."

ಸಿಡ್ನಿಯ ಜೇಡಗಳಲ್ಲಿ ಇದು ಟ್ರ್ಯಾಪ್‌ಡೋರ್ ಜಾತಿಯದೋ, ಫನೆಲ್‌ವೆಬ್ ಜಾತಿಯದೋ? ಮೊದಲನೆಯದು ನೆಲದಲ್ಲಿ ಬಿಲ ತೋಡಿ, ಕೆಲವೊಮ್ಮೆ ಅದಕ್ಕೊಂದು ಬಾಗಿಲನ್ನೂ ಕೂರಿಸಿಕೊಂಡು ಮರ್ಯಾದೆಯಾಗಿ ಬಾಳುವ ಜೀವ. ಎರಡನೆಯದು ಕಚ್ಚಿದರೆ ಪ್ರಾಣಕ್ಕೇ ಸಂಚಕಾರ. ನೋಡಲು ಅಣ್ಣತಮ್ಮಂದಿರ ಹಾಗೆ. ಮೊಬೈಲಿನಲ್ಲಿ ಫೋಟೋ ತೆಗೆದು ಬಲ್ಲವರಿಗೆ ಕಳಿಸೋಣವೆಂದರೆ ಅದು ತೊಂಬತ್ತರ ದಶಕ.

"ಭಾವ, ಫನೆಲ್‌ವೆಬ್ ಮಿರಿಮಿರಿ ಕಪ್ಪು. ಹಿಂದ್ಗಡೆ ಎರಡು ಉದ್ದ ಬೆರಳಿನ ಥರ ಇರ್ತವೆ. ಟ್ರ್ಯಾಪ್‌ಡೋರ್ ಕಂದು, ಮೈತುಂಬ ಕೂದಲು. ಗಂಡಾದ್ರೆ ಮೂತಿ ಹತ್ರ ಬಾಕ್ಸಿಂಗ್ ಗ್ಲೌಸ್ ಹಾಕ್ಕೊಂಡ ಹಾಗಿರುತ್ತೆ," ಎಂದ ರಘು.

ನನ್ನ ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಸುಮಾ ಪೇಷೆಂಟುಗಳ ಕಿವಿ ನೋಡುವ ಟಾರ್ಚು. ಬಣ್ಣ ಕಂದು, ಸರಿ. ಕೂದಲು ನನಗಿಂತ ಹೆಚ್ಚು. ಹಿಂದಿನ ಬೆರಳು ಗಿಡ್ಡ. ಟಾರ್ಚನ್ನು ಮೂತಿಗೆ ತಿರುಗಿಸಿ, ಸೌಟು ಬಿಟ್ಟು ಸಕ್ಕರೆಯ ಕೊನೆಯ ಬಟ್ಟಲು ಸುರಿಯುತ್ತಿದ್ದಾಗ ಗ್ಲೌಸ್ ಕಂಡಿತು. "ಟ್ರ್ಯಾಪ್‌ಡೋರ್! ಗಂಡು!" ಎಂದು ಕೂಗಿದೆ. ಸ್ವಂತ ಮಗ ಹುಟ್ಟಿದಾಗಲೂ ಅಷ್ಟು ಜೋರಾಗಿ ಕೂಗಿರಲಿಲ್ಲ.

ಬಾಟಲಿ ಶೆಡ್ಡಿಗೆ ಹೋಯಿತು, ಪೂಜೆ ಸಾಂಗವಾಗಿ ಮುಗಿಯಿತು. ನೈವೇದ್ಯಕ್ಕೆ ಮುಂಚೆ ಸಜ್ಜಿಗೆಯ ರುಚಿ ನೋಡುವಂತಿಲ್ಲ. ಪ್ರಸಾದವೆಂದು ಕೈಗೆ ಬಂದ ಮೇಲೆ ಬೇಡವೆನ್ನುವಂತಿಲ್ಲ. ಎಲ್ಲರೂ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಹಾಕಿಕೊಂಡು ಕಣ್ಣು ಮುಚ್ಚಿದರು. ಭಕ್ತಿ ಎಂದುಕೊಂಡೆ. ಆಮೇಲೆ ಒಬ್ಬೊಬ್ಬರಾಗಿ ನೀರು ಕೇಳಿದರು.

ನಮ್ಮ ಮನೆಯಲ್ಲಿ ಸಕ್ಕರೆ, ಉಪ್ಪು ಎರಡೂ ಒಂದೇ ನಮೂನೆಯ ಖಾಲಿ ಐಸ್‌ಕ್ರೀಂ ಡಬ್ಬಿಗಳಲ್ಲಿರುತ್ತವೆ. ಕೊನೆಯ ಬಟ್ಟಲು ಪಕ್ಕದ ಡಬ್ಬಿಯದು.

ಸುಮಾ ತನ್ನ ಪಾಲನ್ನು ನುಂಗಿ, ನೀರು ಕುಡಿದು, ತಣ್ಣಗೆ ಹೇಳಿದಳು: "ಜೇಡದಲ್ಲಿ ಗಂಡು ಯಾವುದು ಅಂತ ಮಾತ್ರ ಸರಿಯಾಗಿ ಗೊತ್ತಾಗುತ್ತೆ ನಿಮಗೆ."