ಬರ್ಕಾದ ನರಿಗೆ ನಮ್ಮೂರ ಮೊಲದ ಕೂಗು

ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಮಾಡಿದವನು ನಾನು. ಇದನ್ನು ಹೇಳದೆ ನನಗೆ ಯಾವ ಮಾತೂ ಶುರುವಾಗುವುದಿಲ್ಲ. ಈ ಅರಬ್ ನಾಡಿನಲ್ಲಿ, ಅಲ್ ಅಜೈಬಾದ ನಮ್ಮ ಮನೆಗೆ ಬಂದವರಿಗೆ ಚಪ್ಪಲಿ ಬಿಡುವ ಮೊದಲೇ ಕಾಣುವಂತೆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ತೂಗುಹಾಕಿದ್ದೇನೆ. ಅಪ್ಪ ಏನು ಮಾಡುತ್ತಿದ್ದರು ಎಂದು ಕೇಳಿದವರಿಗೆ "ವ್ಯವಸಾಯ" ಎಂದುಬಿಡುತ್ತೇನೆ. ಪೂರ್ತಿ ಸುಳ್ಳಲ್ಲ. ಚಾಮರಾಜನಗರದ ಕಡೆ ಯಾರದೋ ಹುರುಳಿ ಹೊಲದ ಬದುವಿನಲ್ಲೇ ಅಪ್ಪ ಕೂರುತ್ತಿದ್ದ, ಆದರೆ ಬೇಟೆಗೆ. ಕೋಳಿ ಕದಿಯುವ ನರಿ ಬಂದರೆ ಊರವರು ಕರೆಯುತ್ತಿದ್ದುದು ಅವನನ್ನೇ.

ಇಷ್ಟು ವರ್ಷ ಮುಚ್ಚಿಟ್ಟದ್ದು ಹೊರಬಿದ್ದದ್ದು ನನ್ನ ಬಾಸ್ ಸಲೀಂನ ತಾಯಿಯ ಕೋಳಿಗಳಿಂದ. ಬರ್ಕಾದ ಅವರ ತೋಟದಲ್ಲಿ ನರಿ ತಿಂದು ತಿಂದು ಮೂರೇ ಕೋಳಿ ಉಳಿದಿದ್ದವು. ಆಕೆ ಮೂರಕ್ಕೂ ಹೆಸರಿಟ್ಟಿದ್ದರು. ಸಲೀಂ ಬೋನು ಇಟ್ಟು, ನರಿಯನ್ನು ಸೆಳೆಯಲು ಮೊಲದ ಕೂಗು ಹೊರಡಿಸುವ ಯಂತ್ರವೊಂದನ್ನೂ ತರಿಸಿದ್ದ. "ನೀನು ಮುಹಂದಿಸ್ ಅಲ್ಲವೇ? ಯಲ್ಲಾ, ನರಿ ಹಿಡಿದುಕೊಡು" ಎಂದು ಶುಕ್ರವಾರ ನಮ್ಮನ್ನು ಸಂಸಾರ ಸಮೇತ ಕರೆಸಿದ. ಇಲ್ಲಿ ಎಂಜಿನಿಯರನಿಗೆ ಹಾಗೆನ್ನುತ್ತಾರೆ. ಕೇಳಿದಾಗಲೆಲ್ಲ ನನ್ನ ಎದೆ ಒಂದಿಂಚು ಉಬ್ಬುತ್ತದೆ.

ಮ್ಯಾನುಯಲ್ ಓದಿದೆ. ವಾಲ್ಯೂಮ್ ಏರಿಸಿದೆ, ಇಳಿಸಿದೆ. ಯಂತ್ರದ ಮೊಲ ಕೂಗಿದ್ದಕ್ಕೆ ಬಂದದ್ದು ಪಕ್ಕದ ತೋಟದ ಎರಡು ಮೇಕೆ. ಹೊತ್ತಿಳಿಯಿತು, ಬ್ಯಾಟರಿ ಖಲಾಸ್. ಸಲೀಂನ ತಾಯಿ ಗೂಡಿನ ಬಾಗಿಲು ಮುಚ್ಚುತ್ತ ನನ್ನತ್ತ ನೋಡಿದರಲ್ಲ, ವೈವಾದಲ್ಲೂ ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಒಂದು ಕುತೂಹಲ ಕೊರೆಯತೊಡಗಿತು. ನಮ್ಮೂರ ಮೊಲದ ಭಾಷೆ ಈ ಊರಿನ ನರಿಗೆ ತಿಳಿದೀತೆ?

ಬೋನಿನ ಹಿಂದಿನ ಖರ್ಜೂರದ ಮರಕ್ಕೊರಗಿ ಕೂತು, ನರಿ ಕರೆಯಲು ಅಪ್ಪ ಮಾಡುತ್ತಿದ್ದಂತೆ ಹಸ್ತದ ಹಿಂಬದಿಗೆ ತುಟಿ ಒತ್ತಿ ಗಾಳಿ ಒಳಗೆಳೆದೆ. ಹೊರಟದ್ದು ಮುತ್ತಿನ ಸದ್ದು.

"ರೀ, ಏನ್ರೀ ಇದು, ಎಲ್ಲರ ಮುಂದೆ!" ಎಂದಳು ಹೆಂಡತಿ.

ಅಪ್ಪ ಬೈಯುತ್ತಿದ್ದುದು ನೆನಪಾಯಿತು: "ತುಟಿ ಸಡ್ಲ ಬುಡ್ಲಾ!" ಬಿಟ್ಟೆ. ನನ್ನ ಹಸ್ತದಲ್ಲೇ ಗಾಯಗೊಂಡ ಮೊಲವೊಂದು ಕೀರಿತು. ಮೇವಿನ ಹುಲ್ಲು ಅಲುಗಿತು. ಅಗಲ ಕಿವಿಯ ನರಿಯೊಂದು ಹೊರಬಂದು, ತಲೆ ವಾರೆ ಮಾಡಿ ಆಲಿಸಿ, ನೆಟ್ಟಗೆ ಬೋನಿನೊಳಗೆ ನಡೆಯಿತು. ಬಾಗಿಲು ಬಿತ್ತು.

"ಮುಹಂದಿಸ್, ಇದನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ?" ಎಂದ ಸಲೀಂ.

"ಹೂ ಟಾಟ್ ಯು, ಪಪ್ಪಾ?" ಎಂದಳು ಮಗಳು.

ಯೂಟ್ಯೂಬ್ ಎನ್ನಲು ಬಾಯಿ ತೆರೆದೆ. ಹಸ್ತದ ಮೇಲಿನ ಒದ್ದೆ ಇನ್ನೂ ಆರಿರಲಿಲ್ಲ. "ನಮ್ಮಪ್ಪ" ಎಂದೆ. "ಬೇಟೆಯವನು."

ನರಿಯನ್ನು ದೂರದ ಗುಡ್ಡದ ಕಡೆ ಬಿಟ್ಟುಬಂದರು. ನನ್ನ ಮನೆಯಲ್ಲಿ ಈಗ ಮಗಳು ಸರ್ಟಿಫಿಕೇಟಿನ ಕೆಳಗೇ ಕೂತು ಕೈಗೆ ಮುತ್ತಿಡುತ್ತಿರುತ್ತಾಳೆ. ಬಂದವರು ಗೋಡೆ ನೋಡುವುದಿಲ್ಲ, ಅವಳನ್ನು ನೋಡುತ್ತಾರೆ. ನಿನ್ನೆ ನಾನು ಮೇಷ್ಟರ ಹಾಗೆ ನಿಂತು, "ತುಟಿಗಳನ್ನು ಸಡಿಲಗೊಳಿಸಬೇಕು" ಎಂದು ವಿವರಿಸಿದೆ. ಮೊಲ ಬರಲಿಲ್ಲ. ಕೊನೆಗೆ ತಡೆಯಲಾರದೆ "ತುಟಿ ಸಡ್ಲ ಬುಡವ್ವ!" ಅಂದುಬಿಟ್ಟೆ. ಬಂತು. ಕೆಳಗಿನ ಮನೆಯವರ ಬೆಕ್ಕೂ ಬಂತು.